ಸಹಾಯ ಬೇಕು: ಎಲ್ಲಿ ನಿಲ್ಲಿಸಬೇಕು ಅಂತ ತಮ್ಮನಿಗೆ ತಿಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ದಿನಾ ಕುಡಿಯುವವನಲ್ಲ. ಶನಿವಾರ ಗೆಳೆಯರು ಸೇರಿದಾಗ ಮಾತ್ರ. ಆದರೆ ಕೂತರೆ ಎಷ್ಟಾಯಿತು ಅನ್ನುವ ಲೆಕ್ಕವೇ ಇರುವುದಿಲ್ಲ. ಗ್ಲಾಸ್ ಅರ್ಧ ಇರುವಾಗಲೇ ಪಕ್ಕದವರು ಮತ್ತೆ ಸುರಿಯುತ್ತಾರೆ, ಇವನು ಬೇಡ ಅನ್ನುವುದಿಲ್ಲ. ಹೇಳಿದ್ದನ್ನೇ ಹೇಳಲು ಶುರು ಮಾಡಿದ ಅಂದರೆ ಜಾಸ್ತಿ ಆಯ್ತು ಅಂತ ನಮಗೆ ಗೊತ್ತಾಗುತ್ತದೆ. ಅವನಿಗೆ ಗೊತ್ತಾಗುವುದಿಲ್ಲ.

"ಬರೀ ಬಿಯರ್ ಅಕ್ಕಾ, ಏನೂ ಆಗಲ್ಲ" ಅಂತಾನೆ. ಅದು ಶೇ 8ರ ಸ್ಟ್ರಾಂಗ್ ಬಿಯರ್, 650 ಎಂ.ಎಲ್. ಬಾಟಲಿ. ಅದೊಂದರಲ್ಲೇ 30 ಎಂ.ಎಲ್.ನ ನಾಲ್ಕು ಪೆಗ್ ವಿಸ್ಕಿಯಷ್ಟು ಆಲ್ಕೋಹಾಲ್ ಇರುತ್ತದೆ. ಅಂಥ ಒಂದು ಪೆಗ್ ಕರಗಿಸಲು ಲಿವರ್‌ಗೆ ಸುಮಾರು ಒಂದು ಗಂಟೆ ಬೇಕು. ನಿಂಬೆರಸ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದರಿಂದಲೂ ಅದು ಬೇಗ ಆಗುವುದಿಲ್ಲ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿ.ಗ್ರಾಂ. ಇವನು ಬೈಕ್‌ನಲ್ಲೇ ಬರುತ್ತಾನೆ. ನನಗೆ ನಿದ್ದೆ ಬರದಿರುವುದು ಅದಕ್ಕೇ.

ನಿಮ್ಮಲ್ಲಿ ಮಿತವಾಗಿ ಕುಡಿಯುವವರು, ಮೊದಲು ಜಾಸ್ತಿ ಇದ್ದು ಈಗ ಕಮ್ಮಿ ಮಾಡಿದವರು ದಯವಿಟ್ಟು ಹೇಳಿ. ಇಷ್ಟೇ ಸಾಕು ಅಂತ ಮನೆಯಿಂದಲೇ ನಿರ್ಧಾರ ಮಾಡಿ ಹೋಗುತ್ತೀರಾ? ಗೆಳೆಯರು ಒತ್ತಾಯ ಮಾಡಿದರೆ ಏನು ಹೇಳುತ್ತೀರಿ? ಪೂರ್ತಿ ಬಿಡು ಅಂದರೆ ಇವನು ಎದ್ದು ಹೋಗುತ್ತಾನೆ, ಹಾಗಾಗಿ ಆ ಸಲಹೆ ಸದ್ಯಕ್ಕೆ ಬೇಡ.

ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆ ಇದೆ, 14446 ಸಹಾಯವಾಣಿಯೂ ಇದೆ. ದಿನಾ ಕುಡಿಯದವರನ್ನು ಅಲ್ಲಿಗೆ ಯಾರಾದರೂ ಕರೆದುಕೊಂಡು ಹೋಗಿದ್ದೀರಾ? ಎಲ್ಲರೆದುರು ಬರೆಯಲು ಮುಜುಗರ ಆದರೆ ನನಗೆ ಮೆಸೇಜ್ ಮಾಡಿ.