ಆಸ್ಟ್ರೇಲಿಯಾದ ಫಾರ್ಮ್ ಸ್ಟೇನಲ್ಲಿ 4 ತಿಂಗಳು ಕೆಲಸ: ಊಟ, ರೂಮ್ ಕೊಡುತ್ತಾರಂತೆ, ಸಂಬಳ ಇಲ್ಲ. ಹೋಗಬಹುದಾ?

ರೇಷ್ಮೆಗೂಡು26:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ವಯಸ್ಸು 26, ಬಿ.ಕಾಂ ಆಗಿದೆ, ಯಲಹಂಕದಲ್ಲಿ ಅಕೌಂಟ್ಸ್ ಕೆಲಸ. ಊರಲ್ಲಿ ಮೂರು ಎಕರೆ ಇದೆ. ಹಿಪ್ಪುನೇರಳೆ ಜಾಸ್ತಿ, ಅಂಚಿನಲ್ಲಿ ಸ್ವಲ್ಪ ಮಾವು. ಅಪ್ಪ ಅಮ್ಮ ಹುಳ ಸಾಕುತ್ತಾರೆ.

ಶನಿವಾರ ಭಾನುವಾರ ಬಂದರೆ ಬೆಂಗಳೂರಿನವರೆಲ್ಲ ನಂದಿ ಬೆಟ್ಟದ ಕಡೆ ಬರುತ್ತಾರೆ. ನಮ್ಮ ತೋಟದಲ್ಲೂ ನಾಲ್ಕು ರೂಮ್ ಕಟ್ಟಿ, ಹುಳದ ಮನೆ ತೋರಿಸಿ, ಮನೆ ಊಟ ಹಾಕಬೇಕು ಅಂತ ಬಹಳ ದಿನದಿಂದ ಆಸೆ. ಅದನ್ನ ಸರಿಯಾಗಿ ನಡೆಸುವವರ ಹತ್ತಿರ ಇದ್ದು ಕಲಿಯಬೇಕು ಅಂತ ಹುಡುಕುತ್ತಿದ್ದಾಗ ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಒಂದು ಜಾಗ ಸಿಕ್ಕಿತು. ಆರು ಕಾಟೇಜ್, ಕುದುರೆ, ಮಾವಿನ ತೋಪು, ಸೋಲಾರ್, ಮಳೆ ನೀರಿನ ಟ್ಯಾಂಕ್, ಎಲ್ಲ ಇದೆ. ದಿನಕ್ಕೆ 5 ಗಂಟೆ, ವಾರಕ್ಕೆ 6 ದಿನ ಕೆಲಸ, ಬದಲಿಗೆ ಊಟ ಮತ್ತು ರೂಮ್. ಟೂರಿಸ್ಟ್ ವೀಸಾದಲ್ಲಿ ಬಂದರೆ ಸಾಕು ಅಂತಾರೆ. ಏಜೆಂಟ್ ಒಬ್ಬರು ಒಂದು ಲಕ್ಷದ ಇಪ್ಪತ್ತು ಸಾವಿರ ಕೇಳುತ್ತಿದ್ದಾರೆ. ಅಪ್ಪ ಮಾತ್ರ "ಅಲ್ಲಿ ಹೋಗಿ ಕೂಲಿ ಮಾಡೋದಕ್ಕಾ ನಿನ್ನ ಓದಿಸಿದ್ದು" ಅಂತ ಎರಡು ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಚಿಂತಾಮಣಿ_ಅಕ್ಕ:
ತಮ್ಮಾ, ಟೂರಿಸ್ಟ್ ವೀಸಾದಲ್ಲಿ ಹೋಗಬೇಡ. ನಾಲ್ಕು ತಿಂಗಳು ದಿನಾ ಹಾಸಿಗೆ ಬಟ್ಟೆ ಬದಲಿಸಿ ಬೇಲಿ ಕಟ್ಟಿದರೆ ಅದು ಪ್ರವಾಸ ಅಲ್ಲ, ಕೆಲಸ. ಸಿಕ್ಕಿಬಿದ್ದರೆ ವೀಸಾ ರದ್ದಾಗುವುದು ನಿನ್ನದು, ಅವರದಲ್ಲ.

ನಮಗೆ ಸರಿಯಾದ ದಾರಿ ಇದೆ. 2024ರಿಂದ ಭಾರತದವರಿಗೂ ವರ್ಕ್ ಅಂಡ್ ಹಾಲಿಡೇ ವೀಸಾ, ಸಬ್‌ಕ್ಲಾಸ್ 462, ತೆರೆದಿದ್ದಾರೆ. ವರ್ಷಕ್ಕೆ 1,000 ಜನಕ್ಕೆ ಮಾತ್ರ, ವಯಸ್ಸು 18ರಿಂದ 30. ಮೊದಲು ಲಾಟರಿ ತರಹ ಬ್ಯಾಲೆಟ್‌ಗೆ ಹೆಸರು ಕೊಡಬೇಕು, ಅದಕ್ಕೆ 25 ಆಸ್ಟ್ರೇಲಿಯನ್ ಡಾಲರ್. ಹೆಸರು ಬಂದರೆ ಆಮೇಲೆ ವೀಸಾ ಅರ್ಜಿ. ಎಲ್ಲ ಆನ್‌ಲೈನ್, ನೀನೇ ಮಾಡಬಹುದು. ನಾನು ಮೊದಲ ಬ್ಯಾಲೆಟ್‌ನಲ್ಲೇ ಆಯ್ಕೆಯಾಗಿ ಉತ್ತರ ಕ್ವೀನ್ಸ್‌ಲ್ಯಾಂಡ್‌ನದೇ ಮರೀಬಾ ಕಡೆ ಇಂಥದ್ದೇ ಒಂದು ಜಾಗದಲ್ಲಿ ಐದು ತಿಂಗಳು ಇದ್ದೆ, ಸಂಬಳಕ್ಕೆ. ಕೆಲವು ವಿನಾಯಿತಿ ಬಿಟ್ಟರೆ, ಸಾಮಾನ್ಯವಾಗಿ ಒಬ್ಬರ ಹತ್ತಿರ 6 ತಿಂಗಳಿಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ ಅನ್ನುವುದೂ ನೆನಪಿರಲಿ.

ಒಂದು ಲೆಕ್ಕ ಹಾಕು. ಅಲ್ಲಿ 2025ರ ಜುಲೈಯಲ್ಲಿ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಆಯಿತು. ವಾರಕ್ಕೆ 30 ಗಂಟೆ ಅಂದರೆ 748 ಡಾಲರ್. ಒಂದು ಹಾಸಿಗೆಗೂ ಮೂರು ಹೊತ್ತು ಊಟಕ್ಕೂ ನೀನು ವಾರವಾರ ಅಷ್ಟು ಕೊಟ್ಟ ಹಾಗೆ. ಸುಮ್ನೆ ಕೊಡುತ್ತಾರೆ ಅಂತ ಅಂದುಕೊಳ್ಳಬೇಡ.

ಕಲಿಯುವುದು ಮಾತ್ರ ನಿಜವಾಗಿಯೂ ಬಹಳ ಇದೆ. ಬರುವ ಅತಿಥಿಗೆ ಮೊದಲ ದಿನವೇ ಟ್ಯಾಂಕ್ ತೋರಿಸಿ, ಇಷ್ಟೇ ನೀರು, ಸ್ನಾನ ಬೇಗ ಮುಗಿಸಿ ಅಂತ ಹೇಳುತ್ತಿದ್ದೆವು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಸ್ನಾನದ ನೀರು ಬಾಳೆ ಬುಡಕ್ಕೆ ಹೋಗುತ್ತಿತ್ತು. ಕಾಂಪೋಸ್ಟ್ ಟಾಯ್ಲೆಟ್‌ಗೆ ಪ್ರತಿ ಸಲ ಮರದ ಹೊಟ್ಟು ಹಾಕಬೇಕು, ಹಾಕಿದರೆ ವಾಸನೆಯೇ ಇರುವುದಿಲ್ಲ. ಸಾವಿರದಿನ್ನೂರು ಅಡಿ ಬೋರ್ ಕೊರೆಸಿಯೂ ನೀರು ಕಾಣದ ಊರಿಂದ ಹೋದ ನನಗೆ ಅದನ್ನೆಲ್ಲ ನೋಡಿ, ನಮ್ಮ ಮನೆ ಮಾಳಿಗೆ ನೀರನ್ನ ಇಷ್ಟು ವರ್ಷ ಮೋರಿಗೆ ಬಿಟ್ಟೆವಲ್ಲಾ ಅಂತ ಹೊಟ್ಟೆ ಉರಿಯಿತು. ವಾಪಸ್ ಬಂದ ಮೇಲೆ ಮೊದಲು ಮಾಡಿಸಿದ್ದೇ ಸಂಪು.

ಕಷ್ಟ ಅಂದರೆ ಒಂಟಿತನ. ಅಂಗಡಿ 25 ಕಿಲೋಮೀಟರ್, ಬಸ್ ಇಲ್ಲ, ಸಿಗ್ನಲ್ ಬೇಕಾದರೆ ದಿಣ್ಣೆ ಹತ್ತಬೇಕು. ಡ್ರೈವಿಂಗ್ ಬರದೆ ಹೋಗಬೇಡ. ಅವರೂ ನಮ್ಮ ಹಾಗೆ ಎಡಗಡೆಯೇ ಓಡಿಸುತ್ತಾರೆ. ತೋಟಕ್ಕೆ ಹಾಕುವ ಬೂಟು ತೊಳೆದು ಒಣಗಿಸಿ ಇಟ್ಟುಕೋ, ಏರ್‌ಪೋರ್ಟ್‌ನಲ್ಲಿ ಮಣ್ಣು ಕಂಡರೆ ಬಿಡುವುದಿಲ್ಲ. ಬೀಜ ಒಯ್ಯಲೇಬೇಡ. ರಾಗಿ ಹಿಟ್ಟು, ಉಪ್ಪಿನಕಾಯಿ ಏನೇ ಇದ್ದರೂ ಅಲ್ಲಿ ಇಳಿಯುವಾಗ ತುಂಬಿಸುವ ಪ್ರಯಾಣಿಕರ ಕಾರ್ಡ್‌ನಲ್ಲಿ ಬರೆದು ತೋರಿಸು.

ಕೋಲಾರ_ಟೊಮೆಟೊ:
ಅಕ್ಕ ಹೇಳಿದ್ದು ಸರಿ. ಏಜೆಂಟ್ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಚಿಕ್ಕಪ್ಪನ ಮಗ ಹೀಗೇ ಒಬ್ಬರಿಗೆ ಎರಡು ಲಕ್ಷ ಕೊಟ್ಟ, ಹಸು ಮಾರಿ. ಫೋನ್ ಸ್ವಿಚ್ ಆಫ್. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವವರಿಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಇರಬೇಕು, ಇಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹುಡುಕಿದರೆ ಗೊತ್ತಾಗುತ್ತದೆ. ಲೈಸೆನ್ಸ್ ಇದ್ದವರೂ 30,000 ರೂಪಾಯಿ ಮತ್ತು ಜಿಎಸ್‌ಟಿ ಮೇಲೆ ತೆಗೆದುಕೊಳ್ಳುವಂತಿಲ್ಲ. ಸಂಬಳವೇ ಇಲ್ಲದ ಕೆಲಸಕ್ಕೆ ಲಕ್ಷ ಕೇಳುತ್ತಾನೆ ಅಂದರೆ ಅಲ್ಲೇ ಅರ್ಥ ಆಗಬೇಕು ಅಲ್ವಾ?

ಮಾವಿನತೋಪು_ಶ್ರೀನಿವಾಸಪುರ:
ನನಗೆ 61 ವರ್ಷ. ನಿಮ್ಮ ಅಪ್ಪನ ಮಾತಿನಲ್ಲಿ ಸಿಟ್ಟಿಗಿಂತ ಭಯ ಜಾಸ್ತಿ ಇದೆ ಕಣಪ್ಪ. ಮಗ ವಾಪಸ್ ಬರುತ್ತಾನೋ ಇಲ್ಲವೋ ಅಂತ. ತೋಟದಲ್ಲಿ ಯಾವ ಮೂಲೆಗೆ ರೂಮ್, ಯಾವ ಕಡೆ ಹುಳದ ಮನೆ ಅಂತ ಒಂದು ಹಾಳೆಯಲ್ಲಿ ಬರೆದು ಅವರಿಗೆ ತೋರಿಸು. ಹುಳ ಇರುವ ಕಡೆ ಹೊರಗಿನವರು ಓಡಾಡಿದರೆ ರೋಗ ಬರುತ್ತದೆ, ಅದಕ್ಕೆ ಏನು ಮಾಡುವುದು ಅಂತ ಅವರನ್ನೇ ಕೇಳು. ಅದು ನಿನಗಿಂತ ಅವರಿಗೆ ಗೊತ್ತು. ಇನ್ನೊಂದು, ಬ್ಯಾಲೆಟ್ ಬರುವವರೆಗೆ ಸಕಲೇಶಪುರ, ಕೊಡಗಿನ ಕಡೆ ಯಾವುದಾದರೂ ಹೋಂಸ್ಟೇನಲ್ಲಿ ಹದಿನೈದು ದಿನ ಇದ್ದು ನೋಡು. ನಮ್ಮ ಪ್ರವಾಸೋದ್ಯಮ ಇಲಾಖೆ ನೋಂದಣಿ ಹೇಗೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ, ಅದನ್ನ ಆಸ್ಟ್ರೇಲಿಯಾದವರು ಹೇಳಿಕೊಡುವುದಿಲ್ಲ.

ರೇಷ್ಮೆಗೂಡು26:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏಜೆಂಟ್‌ಗೆ ಬೇಡ ಅಂದೆ. 462ರಲ್ಲಿ ಬಂದರೆ ಸಂಬಳ ಕೊಡುತ್ತೀರಾ ಅಂತ ಆ ಜಾಗದವರಿಗೆ ಮೇಲ್ ಹಾಕಿದ್ದೇನೆ, ಇನ್ನೂ ಉತ್ತರ ಇಲ್ಲ. ನಿನ್ನೆ ರಾತ್ರಿ ಅಪ್ಪನಿಗೆ ಹಾಳೆ ತೋರಿಸಿದೆ. ಏನೂ ಮಾತಾಡಲಿಲ್ಲ, ಪೆನ್ ತೆಗೆದುಕೊಂಡು ಹುಳದ ಮನೆಗೂ ರೂಮ್‌ಗೂ ಮಧ್ಯೆ ಒಂದು ಗೆರೆ ಎಳೆದು, ಇಲ್ಲಿ ಗೋಡೆ ಬೇಕು ಅಂದರು. ಅಕ್ಕ, ಬ್ಯಾಲೆಟ್‌ಗೆ ಪ್ಯಾನ್ ಕಾರ್ಡ್ ಕೇಳುತ್ತಾರಂತೆ ಅಲ್ವಾ? ನನ್ನದರಲ್ಲಿ ಇನಿಷಿಯಲ್ ಪಾಸ್‌ಪೋರ್ಟ್‌ಗಿಂತ ಬೇರೆ ಇದೆ. ಸೋಮವಾರ ರಜಾ ಹಾಕಿ ಮೊದಲು ಅದನ್ನ ಸರಿ ಮಾಡಿಸುತ್ತೇನೆ.