ಅಪ್‌ಡೇಟ್: ಹೆಳವರ ಪುಸ್ತಕದಲ್ಲಿ ನಮ್ಮ ಮನೆತನ ಸಿಕ್ಕಿತು

ಮೊದಲು ಕೇಳಿದ್ದು ಇದು: ನಾನು ಧಾರವಾಡದಲ್ಲಿ ಹತ್ತಿ ತಳಿ ವಿಜ್ಞಾನಿಯಾಗಿದ್ದು ನಿವೃತ್ತನಾದವನು. ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ತುಂಬ ನೀರುಗುಳ್ಳೆ ಕಂಡವು, ಮನೆತನದಲ್ಲಿ ಯಾರಿಗಾದ್ರೂ ಇತ್ತಾ ಅಂತ ಡಾಕ್ಟರು ಕೇಳಿದರು. ಅಜ್ಜನ ಕಾಲದ್ದನ್ನ ಹುಡುಕೋದು ಹೇಗೆ?

ಊರೂರು ತಿರುಗಿ ಮನೆತನಗಳ ವಂಶಾವಳಿ ಓದುವ ಹೆಳವರನ್ನು ಕೇಳಿ ಅಂತ ಇಲ್ಲಿ ನೀವು ಅಂದಿರಿ. ಸುಗ್ಗಿ ಮುಗಿದ ಮೇಲೆ ಅವರು ನಮ್ಮೂರಿಗೆ ಬಂದರು. ಅಂಗಳದಲ್ಲಿ ಕಂಬಳಿ ಮೇಲೆ ಕೂತು, ಅಂಚು ಸವೆದ ಪುಸ್ತಕ ಬಿಚ್ಚಿ, ಮುತ್ತಜ್ಜನಿಂದ ಹಿಡಿದು ಹೆಸರುಗಳನ್ನು ರಾಗವಾಗಿ ಓದಿದರು. ಯಾರು ಯಾವ ಕಾಯಿಲೆಯಿಂದ ಹೋದರು ಅಂತ ಅದರಲ್ಲಿಲ್ಲ, ಆದರೆ ಮುತ್ತಜ್ಜನ ತಮ್ಮನ ಕವಲು ಗದಗಿನ ಕಡೆ ಹೋಗಿದ್ದು ಗೊತ್ತಾಯಿತು. ಅಲ್ಲಿಗೆ ಹೋದೆ. ಐವತ್ತು ದಾಟುವಷ್ಟರಲ್ಲಿ ಕಾಲು, ಮುಖ ಬಾತು ತೀರಿಕೊಂಡವರು ಆ ಮನೆಯಲ್ಲಿ ಜಾಸ್ತಿ ಅಂತ ದೊಡ್ಡವ್ವ ಹೇಳಿದರು.

ಕಿಡ್ನಿ ತುಂಬ ನೀರುಗುಳ್ಳೆ ಬರುವ ಈ ಕಾಯಿಲೆ, ಅಂದ್ರೆ ಪಾಲಿಸಿಸ್ಟಿಕ್ ಕಿಡ್ನಿ, ಹೆಚ್ಚಿನವರಲ್ಲಿ 16ನೇ ಕ್ರೋಮೋಸೋಮಿನ ಒಂದು ಜೀನ್‌ನಿಂದ ಬರುತ್ತದೆ. ಅಪ್ಪ ಅಥವಾ ಅಮ್ಮ, ಒಬ್ಬರಿಗಿದ್ದರೂ ಪ್ರತಿ ಮಗುವಿಗೂ 50% ಸಾಧ್ಯತೆ. ನಮ್ಮ ಹೆಳವರ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು ತೀರಾ ಕಮ್ಮಿ, ಅದು ದೊಡ್ಡ ಕೊರತೆಯೇ. ಅಜ್ಜಿಯ ಕಡೆಯಿಂದಲೂ ಬರಬಹುದಲ್ವಾ?

ಡಿಸಿಎಚ್-32, ಅಂದ್ರೆ ಜಯಲಕ್ಷ್ಮಿ ಹತ್ತಿ, 1981ರಲ್ಲಿ ಧಾರವಾಡದಿಂದ ಬಂದಿದ್ದು. ಅದರ ನಂತರದ ಪೀಳಿಗೆಯ ತಳಿ ವಿಜ್ಞಾನಿ ನಾನು. ಸಂಜೆ ಮೊಗ್ಗಿನ ಕೇಸರವನ್ನು ಹೆಬ್ಬೆರಳಿನ ಉಗುರಿನಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಸವರಿ, ದಾರ ಕಟ್ಟಿ, ತಾಯಿ ಗಿಡ ಯಾವುದು ತಂದೆ ಗಿಡ ಯಾವುದು ಅಂತ ಬರೆದಿಡುವ ಕೆಲಸವನ್ನು ಪ್ರೀತಿಯಿಂದ ಮಾಡಿದ್ದೇನೆ. ಈಗ ಹಾಗೆಯೇ ಮನೆಯ ನಕ್ಷೆ ಬರೆದಿದ್ದೇನೆ, ಸೊಸೆಯಂದಿರು, ಕೊಟ್ಟ ಹೆಣ್ಣುಮಕ್ಕಳು ಎಲ್ಲರನ್ನೂ ಸೇರಿಸಿ. ಡಾಕ್ಟರಿಗೂ ಒಂದು ಪ್ರತಿ ಕೊಟ್ಟೆ.

ಬಿಪಿ ಹತೋಟಿಯಲ್ಲಿದೆ. ಮಗಳ ಸ್ಕ್ಯಾನ್‌ನಲ್ಲಿ ಗುಳ್ಳೆ ಕಂಡಿಲ್ಲ. ಮಗನದ್ದು ಮುಂದಿನ ವಾರ.