ಎದುರು ಬೀದಿಗೆ 9, ಈ ಬೀದಿಗೆ 5: ಸ್ಕೂಲ್ ಬೌಂಡರಿ ನೋಡಿ ಮನೆ ತಗೊಳ್ಳಬೇಕಾ?

ಬೆಣ್ಣೆದೋಸೆ
ಎಲ್ಲರಿಗೂ ನಮಸ್ಕಾರ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೋವರ್ಡ್ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಮನೆ ಹುಡುಕುತ್ತಿದ್ದೇವೆ. ಮಗಳು ಬರೋ ವರ್ಷ ಕಿಂಡರ್‌ಗಾರ್ಟನ್‌ಗೆ ಹೋಗ್ತಾಳೆ. ಎರಡು ಟೌನ್‌ಹೌಸ್ ಹಿಡಿಸಿವೆ. ಒಂದೇ ಬಿಲ್ಡರ್, ಒಂದೇ ಪ್ಲ್ಯಾನ್, ನಡುವೆ ಒಂದು ರಸ್ತೆ ಅಷ್ಟೇ. ಆದರೆ ಸ್ಕೂಲ್ ಬೌಂಡರಿ, ಅಂದರೆ ಯಾವ ಮನೆಯ ಮಗು ಯಾವ ಸರ್ಕಾರಿ ಸ್ಕೂಲಿಗೆ ಅಂತ ಹೇಳುವ ಗೆರೆ, ಆ ರಸ್ತೆ ಮೇಲೇ ಹಾದುಹೋಗಿದೆ. ಮನೆ ಮಾರುವ ವೆಬ್‌ಸೈಟಿನಲ್ಲಿ ಆ ಬದಿಯ ಸ್ಕೂಲಿಗೆ 10ಕ್ಕೆ 9 ಅಂತ ಹಾಕಿದ್ದಾರೆ, ಈ ಬದಿಯದಕ್ಕೆ 5. ಬೆಲೆಯ ವ್ಯತ್ಯಾಸದಲ್ಲಿ ನಮ್ಮೂರಲ್ಲಿ ಒಂದು ಸೈಟೇ ಬರುತ್ತೆ. ರಿಯಲ್ಟರ್‌ನ (ಮನೆ ಬ್ರೋಕರ್) ಕೇಳಿದರೆ "ಸ್ಕೂಲ್ ಬಗ್ಗೆ ನಾನು ಏನೂ ಹೇಳುವ ಹಾಗಿಲ್ಲ" ಅಂತ ಜಾರಿಕೊಳ್ಳುತ್ತಾರೆ. ಎರಡೂ ಸರ್ಕಾರಿ ಸ್ಕೂಲು, ಒಂದೇ ಕೌಂಟಿ, ಒಂದೇ ಪಾಠ. ಮತ್ತೆ ಇಷ್ಟು ಅಂತರ ಯಾಕೆ? ಯಾವ ಬದಿ ತಗೊಳ್ಳಲಿ?

ಎಡಿಸನ್‌ವಾಸಿ
ಇದರಲ್ಲಿ ಯೋಚನೆ ಮಾಡೋದೇನಿದೆ ಸರ್? 9 ತಗೊಳ್ಳಿ. ಸಾಲ ಸ್ವಲ್ಪ ಜಾಸ್ತಿ ಆಗುತ್ತೆ, ಆಗಲಿ. ಮಾರುವಾಗ ಬಡ್ಡಿ ಸಮೇತ ವಾಪಸ್ ಬರುತ್ತೆ. ಪ್ರೈವೇಟ್ ಸ್ಕೂಲಿಗೆ ವರ್ಷಾವರ್ಷ ಸುರಿಯೋದಕ್ಕಿಂತ ಇದೇ ವಾಸಿ. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಸ್ನೇಹಿತರೆಲ್ಲ ಮಾಡಿದ್ದೂ ಅದನ್ನೇ.

ಲೆಕ್ಕದ ಶಾನುಭೋಗ
ರಿಯಲ್ಟರ್ ಬಾಯಿ ಬಿಡದಿರೋದಕ್ಕೆ ಕಾರಣ ಇದೆ. ಜನಾಂಗ ನೋಡಿ ಗಿರಾಕಿಯನ್ನು ಒಂದು ಏರಿಯಾ ಕಡೆಗೆ ತಳ್ಳುವ ಹಾಗಿಲ್ಲ ಅಂತ 1968ರ ಫೇರ್ ಹೌಸಿಂಗ್ ಕಾಯ್ದೆ ಹೇಳುತ್ತೆ. ಸ್ಕೂಲನ್ನು ಹೊಗಳಿ, ತೆಗಳಿ ಅದೇ ಕೆಲಸ ಹಿಂಬಾಗಿಲಿನಿಂದ ಮಾಡಬಹುದು. ಅದಕ್ಕೇ ಅವರು ಹುಷಾರು.

ಬೆಲೆ ವಿಷಯಕ್ಕೆ ಬಂದರೆ, ಸಾಂಡ್ರಾ ಬ್ಲ್ಯಾಕ್ ಅನ್ನೋ ಅರ್ಥಶಾಸ್ತ್ರಜ್ಞೆ 1999ರಲ್ಲೇ ಇದನ್ನು ಅಳೆದಿದ್ದರು. ಮ್ಯಾಸಚೂಸೆಟ್ಸ್‌ನಲ್ಲಿ ಬೌಂಡರಿಯ ಆ ಪಕ್ಕ ಈ ಪಕ್ಕದ ಮನೆಗಳನ್ನು ಹೋಲಿಸಿ ನೋಡಿದರು. ಸ್ಕೂಲಿನ ಟೆಸ್ಟ್ ಅಂಕ ಶೇ. 5ರಷ್ಟು ಜಾಸ್ತಿ ಇದ್ದರೆ ಜನ ಮನೆಗೆ ಶೇ. 2.5ರಷ್ಟು ಜಾಸ್ತಿ ಕೊಡುತ್ತಾರೆ. ಸರ್ಕಾರಿ ಸ್ಕೂಲು ಬಿಟ್ಟಿ ಅನ್ನೋದೆಲ್ಲ ಸುಮ್ನೆ. ಫೀಸನ್ನು ಮಾರ್ಟ್‌ಗೇಜಿನಲ್ಲಿ ಕಟ್ಟುತ್ತೀರಿ ಅಷ್ಟೇ.

ಇನ್ನು ಆ 9. ಈಚೆಗೆ ಅದಕ್ಕೆ ಬೇರೆ ಬೇರೆ ಅಂಶ ಸೇರಿಸುತ್ತಾರೆ, ಆದರೂ ಟೆಸ್ಟ್ ಅಂಕಕ್ಕೆ ತೂಕ ಇದ್ದೇ ಇದೆ. ಮಗುಗೆ ಮನೆಯಲ್ಲಿ, ಪ್ರೀಸ್ಕೂಲಲ್ಲಿ, ಟ್ಯೂಷನ್ನಲ್ಲಿ ಸಿಕ್ಕಿದ್ದೆಲ್ಲ ಆ ಅಂಕದೊಳಗೆ ಇರುತ್ತೆ. ಸ್ಕೂಲು ಎಷ್ಟು ಕಲಿಸಿತು ಅಂತ ಗೊತ್ತಾಗಬೇಕಾದರೆ ಮಗು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಬಂತು ಅಂತ ನೋಡಬೇಕು. ಸ್ಟ್ಯಾನ್‌ಫರ್ಡಿನ ಶಾನ್ ರಿಯರ್ಡನ್ ದೇಶದ ಸ್ಕೂಲ್ ಡಿಸ್ಟ್ರಿಕ್ಟ್‌ಗಳನ್ನೆಲ್ಲ (ಒಂದೇ ಆಡಳಿತದ ಕೆಳಗಿರುವ ಸರ್ಕಾರಿ ಸ್ಕೂಲುಗಳ ಗುಂಪು) ಹಾಗೆ ನೋಡಿದರು. ಶಿಕಾಗೋ ಮಕ್ಕಳು ಮೂರನೇ ಕ್ಲಾಸಲ್ಲಿ ಸರಾಸರಿಗಿಂತ ಹಿಂದಿದ್ದರು. ಆದರೆ ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ, 5 ವರ್ಷದಲ್ಲಿ 6 ವರ್ಷದಷ್ಟು ಕಲಿತಿದ್ದರು. ಬರೀ ಅಂಕ ನೋಡೋರಿಗೆ ಇದು ಕಾಣಲ್ಲ.

ಕಡೂರು ಟೀಚರ್
ಶಾನುಭೋಗರೇ, ಲೆಕ್ಕ ಸರಿ. ಆದರೆ ಎರಡು ಸ್ಕೂಲೂ ಒಂದೇ ಅಂತ ಮಾತ್ರ ಹೇಳಬೇಡಿ. ನಾನು ಇದೇ ರಾಜ್ಯದ ಬೇರೆ ಕೌಂಟಿಯಲ್ಲಿ ಸಹಾಯಕ ಶಿಕ್ಷಕಿ. ಮೊದಲು 9ರಂಥ ಸ್ಕೂಲಲ್ಲಿದ್ದೆ, ಈಗ 4ರಂಥದ್ದರಲ್ಲಿದ್ದೀನಿ. ಎರಡಕ್ಕೂ ಕೌಂಟಿಯದೇ ಬಜೆಟ್ಟು, ಸಂಬಳದ ಪಟ್ಟಿಯೂ ಒಂದೇ. ಈಗಿನ ಸ್ಕೂಲಿಗೆ ಟೈಟಲ್ ಒನ್ ದುಡ್ಡು ಬೇರೆ ಬರುತ್ತೆ. ಬಡ ಮಕ್ಕಳು ಜಾಸ್ತಿ ಇರುವ ಸ್ಕೂಲುಗಳಿಗೆ ಫೆಡರಲ್ ಸರ್ಕಾರ 1965ರಿಂದ ಕೊಡೋದು ಅದು.

ಆದರೂ ನೋಡಿ. ಫೀಲ್ಡ್ ಟ್ರಿಪ್‌ಗೆ ಜೊತೆಯಲ್ಲಿ ಬರೋಕೆ ಪೋಷಕರು ಬೇಕು ಅಂತ ಹಳೇ ಸ್ಕೂಲಲ್ಲಿ ಆನ್‌ಲೈನ್ ಶೀಟ್ ಹಾಕಿದರೆ ಅರ್ಧ ಗಂಟೆಯಲ್ಲಿ ಭರ್ತಿ. ಹೆಸರು ಹಾಕೋಕಾಗದ ಅಮ್ಮಂದಿರಿಗೆ ಬೇಜಾರು. ಇಲ್ಲಿ ಇಬ್ಬರು ಸಿಗಲಿಲ್ಲ ಅಂತ ಟ್ರಿಪ್ಪನ್ನೇ ಮುಂದಕ್ಕೆ ಹಾಕಿದ್ದೀವಿ. ಗಂಟೆ ಲೆಕ್ಕದ ಕೆಲಸದಲ್ಲಿ ರಜೆ ಹಾಕಿದರೆ ಆ ದಿನದ ಸಂಬಳ ಹೋಯಿತು, ಅವರಾದರೂ ಏನು ಮಾಡ್ತಾರೆ? ಸಬ್‌ಸ್ಟಿಟ್ಯೂಟ್ ಟೀಚರುಗಳು ಯಾವ ಸ್ಕೂಲು ಬೇಕು ಅಂತ ಫೋನಿನಲ್ಲೇ ಆರಿಸಿಕೊಳ್ಳುತ್ತಾರೆ. ನಮ್ಮದನ್ನ ಯಾರೂ ಒತ್ತಲ್ಲ. ಟೀಚರ್ ಬರದ ದಿನ ನಾಲ್ಕು ನಾಲ್ಕು ಮಕ್ಕಳನ್ನ ಬೇರೆ ಕ್ಲಾಸುಗಳಿಗೆ ಹಂಚುತ್ತೀವಿ. ಅವು ಕುರ್ಚಿ ಹೊತ್ತುಕೊಂಡು ಹೋಗಿ ಹಿಂದೆ ಕೂತಿರುತ್ತವೆ. ಬಾಡಿಗೆ ಅವಧಿ ಮುಗಿದರೆ ಮಗು ಫೆಬ್ರವರಿಯಲ್ಲೇ ಸ್ಕೂಲು ಬಿಡುತ್ತೆ. ಅದರ ಜಾಗಕ್ಕೆ ಬಂದ ಮಗು ಭಿನ್ನರಾಶಿ ಶುರುವೇ ಮಾಡಿರಲ್ಲ. ಒಳ್ಳೆ ಟೀಚರ್ ಇಲ್ಲ ಅಂತಲ್ಲ. ಇದ್ದಾರೆ, ಸುಸ್ತಾಗಿದ್ದಾರೆ. ಸ್ವಲ್ಪ ಸರ್ವಿಸ್ ಆದ ಮೇಲೆ ವರ್ಗ ಕೇಳ್ತಾರೆ.

ಎಡಿಸನ್‌ವಾಸಿ
ಮೇಡಂ, ನೀವು ನನ್ನ ಮಾತನ್ನೇ ಹೇಳಿದಿರಿ. ಇಷ್ಟೆಲ್ಲ ಓದಿದ ಮೇಲೂ 5 ತಗೊಳ್ಳಿ ಅಂತೀರಾ?

ಕಡೂರು ಟೀಚರ್
ಅಂತೀನಿ. 5ಕ್ಕೂ 4ಕ್ಕೂ ನಡುವೆ ಕೂಡ ದೂರ ಇದೆ. ಅದು ಬಿಡಿ. ಮನೇಲಿ ಪುಸ್ತಕ ಇರುವ, ರಾತ್ರಿ ಪಕ್ಕದಲ್ಲಿ ಕೂತು ಓದಿಸೋರು ಇರುವ ಮಗು ಎಲ್ಲಿದ್ದರೂ ಓದುತ್ತೆ. ಅಂಥ ಹತ್ತು ಮನೆಯವರು ಗೆರೆ ದಾಟಿ ಹೋದರೆ ಪೆಟ್ಟು ಬೀಳೋದು ಉಳಿದ ಮಕ್ಕಳಿಗೆ.

ಎಡಿಸನ್‌ವಾಸಿ
ನನ್ನ ಮಗುನ ಸಮಾಜಸೇವೆಗೆ ಕಳಿಸೋಕಾಗಲ್ಲ ಮೇಡಂ, ಕ್ಷಮಿಸಿ.

ಕೊಲಂಬಿಯಾ ಹಳಬ
ಬೆಣ್ಣೆದೋಸೆ ಅವರೇ, ನೀವು ಹುಡುಕುತ್ತಿರುವ ಕೌಂಟಿಯಲ್ಲಿ ಈ ಗೆರೆ ಮೇಲೆ ದೊಡ್ಡ ರಾಮಾಯಣವೇ ಆಗಿದೆ. ಇಲ್ಲಿನ ಕೊಲಂಬಿಯಾ ಊರನ್ನು ಜೇಮ್ಸ್ ರೌಸ್ 1967ರಲ್ಲಿ ಕಟ್ಟಿಸಿದ್ದೇ ಬಡವರು ಶ್ರೀಮಂತರು, ಕಪ್ಪು ಬಿಳಿ ಎಲ್ಲರೂ ಅಕ್ಕಪಕ್ಕ ಇರಲಿ ಅಂತ. ಮೊದಲ ಬಡಾವಣೆ ವೈಲ್ಡ್ ಲೇಕ್, ಕೊನೆಯದು ರಿವರ್ ಹಿಲ್. ಎರಡು ಹೆಸರಲ್ಲೂ ಹೈಸ್ಕೂಲಿದೆ, ನಡುವೆ ಐದಾರು ಮೈಲಿ. ಬಡ ಮನೆಯ ಮಕ್ಕಳಿಗೆ ಸ್ಕೂಲಲ್ಲಿ ಊಟ ಬಿಟ್ಟಿ ಅಥವಾ ಕಡಿಮೆ ದರಕ್ಕೆ ಸಿಗುತ್ತಲ್ಲ, 2019ರಲ್ಲಿ ಅಂಥ ಮಕ್ಕಳು ರಿವರ್ ಹಿಲ್‌ನಲ್ಲಿ ನೂರಕ್ಕೆ 5ರ ಆಸುಪಾಸು. ವೈಲ್ಡ್ ಲೇಕ್‌ನಲ್ಲಿ 40 ದಾಟಿತ್ತು. ಒಂದೇ ಕನಸಿನ ಊರು!

ಆ ವರ್ಷ ಆಗಸ್ಟ್‌ನಲ್ಲಿ ಕೌಂಟಿ ಸ್ಕೂಲುಗಳ ಮುಖ್ಯಸ್ಥ, ಸೂಪರಿಂಟೆಂಡೆಂಟ್ ಮೈಕೆಲ್ ಮಾರ್ಟಿರಾನೊ 7,000ಕ್ಕೂ ಜಾಸ್ತಿ ಮಕ್ಕಳ ಸ್ಕೂಲು ಬದಲಿಸುವ ಪ್ಲ್ಯಾನ್ ಮುಂದಿಟ್ಟರು. ಕೆಲವು ಸ್ಕೂಲು ತುಂಬಿ ತುಳುಕುತ್ತಿದ್ದವು, ಕೆಲವಲ್ಲಿ ಜಾಗ ಇತ್ತು. ಜೊತೆಗೆ ಬಡತನ ಒಂದೇ ಕಡೆ ಗುಡ್ಡೆ ಬೀಳೋದು ಬೇಡ ಅನ್ನೋದೂ ಇತ್ತು. ಆಮೇಲೆ ನೋಡಬೇಕಿತ್ತು. "ಸೌಜನ್ಯ ಇರಲಿ" ಅನ್ನುವ ಹಸಿರು ಸ್ಟಿಕರ್ ಕಾರಿನ ಹಿಂದೆ ಅಂಟಿಸಿಕೊಂಡು ಓಡಾಡುವ ಕೌಂಟಿ ಇದು. ಅದೇ ಕಾರುಗಳಲ್ಲಿ ಜನ ಬಂದು ಸ್ಕೂಲ್ ಬೋರ್ಡ್ ಮುಂದೆ ಕೂಗಾಡಿದರು. ಬೋರ್ಡಿಗೆ ಬಂದ ಪತ್ರಗಳಲ್ಲಿ ಕೆಲವು ಓದೋಕೇ ನಾಚಿಕೆ ಆಗುವಂಥವು. ಕೊನೆಗೆ ನವೆಂಬರಿನಲ್ಲಿ ಪ್ಲ್ಯಾನ್ ಸಣ್ಣದು ಮಾಡಿ, ಸುಮಾರು 5,400 ಮಕ್ಕಳನ್ನು ಬದಲಿಸೋಕೆ ಬೋರ್ಡ್ ಒಪ್ಪಿತು.

ನಮ್ಮ ಹುಡುಗ ಆಗ ಕಡಿಮೆ ನಂಬರಿನ ಸ್ಕೂಲೊಂದರಲ್ಲಿದ್ದ. ಹಿಯರಿಂಗಿನ ವಿಡಿಯೊ ನೋಡಿ, "ಅಪ್ಪಾ, ಇವರೆಲ್ಲ ನಮ್ಮ ಸ್ಕೂಲಿಗೆ ಬರೋಕೆ ಯಾಕೆ ಇಷ್ಟು ಹೆದರ್ತಾರೆ?" ಅಂತ ಕೇಳಿದ. ಹೆದರುತ್ತಿದ್ದವರಲ್ಲಿ ನಮ್ಮ ಕನ್ನಡ ಕೂಟದವರೂ ಇದ್ದರು.

ಸುಮ್ನೆ ಓದುವವ
ಇಷ್ಟು ಹೊತ್ತು ಹೆಸರಿಗೆ ತಕ್ಕ ಹಾಗಿದ್ದೆ, ಇನ್ನಾಗಲ್ಲ. ಹಳಬರೇ, ಆ ಹೋರಾಟದಲ್ಲಿ ನಾನೂ ಇದ್ದೆ. ನಾಚಿಕೆಗೇಡಿನ ಪತ್ರ ಬರೆದವನು ನಾನಲ್ಲ. ಎಲ್ಲರನ್ನೂ ಅದೇ ಬುಟ್ಟಿಗೆ ಹಾಕಬೇಡಿ. ನಮ್ಮ ಪರಿಸ್ಥಿತಿ ಕೇಳಿ. ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತಿದ್ದೀವಿ. ಓಟಿಲ್ಲ. ಕೆಲಸ ಹೋದರೆ ದೇಶ ಬಿಡಬೇಕು. ಇಬ್ಬರ ಸಂಬಳ ಕೂಡಿಟ್ಟು, ಹಳೇ ಕಾರಲ್ಲೇ ಓಡಾಡಿಕೊಂಡು, ಮಗನಿಗೆ ಈ ಸ್ಕೂಲು ಸಿಗಲಿ ಅಂತ ಆ ಮನೆ ತಗೊಂಡೆವು. ತಗೊಂಡ ಮೇಲೆ ಯಾರೋ ನಕ್ಷೆ ಮೇಲೆ ಪೆನ್ಸಿಲ್ ಎಳೆದು "ನಿಮ್ಮ ಸ್ಕೂಲು ಇದಲ್ಲ" ಅಂದರೆ? ಮಗ ಏಳನೇ ಕ್ಲಾಸು. ಸ್ನೇಹಿತರು ಒಂದು ಕಡೆ, ಇವನು ಒಂದು ಕಡೆ. ಬಸ್ಸು ಬೇರೆ ಜಾಸ್ತಿ ದೂರ. ಇದನ್ನ ಹೇಳಿದರೆ ಜನಾಂಗದ್ವೇಷಿ ಪಟ್ಟ.

ಇನ್ನೊಂದು ಮಾತು. ವೈಲ್ಡ್ ಲೇಕ್ ಮಕ್ಕಳಿಗೆ ಟೀಚರ್ ಕೊಡಿ, ಕೌನ್ಸೆಲರ್ ಕೊಡಿ, ತೆರಿಗೆ ಜಾಸ್ತಿ ಹಾಕಿ, ಕಟ್ಟುತ್ತೇನೆ. ನನ್ನ ಮಗನನ್ನ ಅಲ್ಲಿಗೆ ಕಳಿಸಿದ ಮಾತ್ರಕ್ಕೆ ಪಕ್ಕದ ಹುಡುಗನಿಗೆ ಆಲ್ಜೀಬ್ರಾ ಬಂದುಬಿಡುತ್ತಾ?

ಲೆಕ್ಕದ ಶಾನುಭೋಗ
ಪ್ರಶ್ನೆ ಸರಿಯಾಗೇ ಇದೆ. ಅದಕ್ಕೆ ಉತ್ತರ ಪಕ್ಕದ ಮಾಂಟ್‌ಗೊಮೆರಿ ಕೌಂಟಿಯಲ್ಲೇ ಸಿಕ್ಕಿದೆ. ಅಲ್ಲಿ 1974ರಲ್ಲೇ ಒಂದು ಕಾನೂನು ಬಂತು. ದೊಡ್ಡ ಲೇಔಟ್ ಮಾಡುವ ಬಿಲ್ಡರ್ ಒಂದಷ್ಟು ಮನೆ ಕಡಿಮೆ ಬೆಲೆಗೆ ಕೊಡಬೇಕು. ಅದರಲ್ಲಿ ಕೆಲವನ್ನು ಕೌಂಟಿಯ ವಸತಿ ಸಂಸ್ಥೆ ಕೊಂಡು ಬಡವರಿಗೆ ಬಾಡಿಗೆಗೆ ಕೊಡುತ್ತೆ. ಯಾರಿಗೆ ಯಾವ ಏರಿಯಾ ಅನ್ನೋದು ಅದೃಷ್ಟ. ಹೀಗಾಗಿ ಕೆಲವು ಬಡ ಮಕ್ಕಳು ಶ್ರೀಮಂತ ಸ್ಕೂಲಿಗೆ ಬಿದ್ದವು, ಕೆಲವು ಬಡ ಸ್ಕೂಲಿಗೆ. ಹೆದರ್ ಶ್ವಾರ್ಟ್ಜ್ ಎಂಬ ಸಂಶೋಧಕಿ ಅಂಥ ಸುಮಾರು 850 ಮಕ್ಕಳನ್ನು 2001ರಿಂದ 2007ರವರೆಗೆ ನೋಡಿದರು. ನೀವು ಹೇಳಿದ ಹಾಗೇ ಕೌಂಟಿ ಬಡ ಸ್ಕೂಲುಗಳಿಗೆ ಜಾಸ್ತಿ ದುಡ್ಡು ಸುರಿದಿತ್ತು, ಕ್ಲಾಸ್ ಸಣ್ಣದು ಮಾಡಿತ್ತು. ಆದರೂ ಮುಂದೆ ಬಂದದ್ದು ಶ್ರೀಮಂತ ಸ್ಕೂಲಿಗೆ ಬಿದ್ದ ಬಡ ಮಕ್ಕಳೇ. ಎಲಿಮೆಂಟರಿ ಮುಗಿಯುವ ಹೊತ್ತಿಗೆ ಅನುಕೂಲಸ್ಥ ಮಕ್ಕಳಿಗೂ ಅವರಿಗೂ ಗಣಿತದಲ್ಲಿದ್ದ ಅಂತರ ಅರ್ಧಕ್ಕೆ ಇಳಿದಿತ್ತು. ಓದಿನಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ದುಡ್ಡು ಬೇಡ ಅಂತಲ್ಲ. ದುಡ್ಡೊಂದೇ ಸಾಲಲಿಲ್ಲ.

ಸುಮ್ನೆ ಓದುವವ
ಅಲ್ಲಿ ಮನೆ ಕೊಟ್ಟರು, ಮಗು ಅದೇ ಬೀದಿಯದಾಯಿತು. ನಮ್ಮಲ್ಲಿ ಮಕ್ಕಳನ್ನು ಬಸ್ಸು ಹತ್ತಿಸೋಕೆ ಹೊರಟರು. ಎರಡೂ ಒಂದೇ ಅಲ್ಲ. ಹಾಗೆ ಮನೆ ಕಟ್ಟೋದಾದರೆ ನಮ್ಮ ಬೀದಿಯಲ್ಲೇ ಕಟ್ಟಲಿ, ನನ್ನ ಅಡ್ಡಿ ಇಲ್ಲ.

ಕೊಲಂಬಿಯಾ ಹಳಬ
ಈ ಮಾತು ಉಳಿಸಿಕೊಳ್ಳಿ. ನಿಮ್ಮ ಬೀದಿಗೆ ಅಪಾರ್ಟ್‌ಮೆಂಟ್ ಬರುತ್ತೆ ಅಂತ ಜೋನಿಂಗ್ ನೋಟಿಸ್ ಅಂಟಿಸಿದ ದಿನ ಮತ್ತೆ ಮಾತಾಡೋಣ.

ಹೊಸ ಸದಸ್ಯ 77
ಇಷ್ಟೆಲ್ಲ ಯಾಕೆ ತಲೆಬಿಸಿ? 5ರ ಕಡೆ ಮನೆ ತಗೊಂಡು, 9ರ ಕಡೆ ಇರುವ ಫ್ರೆಂಡ್ ಅಡ್ರೆಸ್ ಕೊಟ್ಟು ಸ್ಕೂಲಿಗೆ ಸೇರಿಸಿ. ಯಾರು ಬಂದು ನೋಡ್ತಾರೆ?

ಕಡೂರು ಟೀಚರ್
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ನೋಡ್ತಾರೆ. ಒಹಾಯೊದ ಏಕ್ರನ್ ಊರಿನ ಕೆಲ್ಲಿ ವಿಲಿಯಮ್ಸ್-ಬೊಲಾರ್ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಅಪ್ಪನ ಮನೆ ಅಡ್ರೆಸ್ ಕೊಟ್ಟು ಪಕ್ಕದ ಡಿಸ್ಟ್ರಿಕ್ಟಿನ ಸ್ಕೂಲಿಗೆ ಸೇರಿಸಿದ್ದರು. 2011ರಲ್ಲಿ ಅವರಿಗೆ ಜೈಲಾಯಿತು. 9 ದಿನ ಒಳಗಿದ್ದರು. ಆಮೇಲೆ ಗವರ್ನರ್ ಶಿಕ್ಷೆಯನ್ನು ಹಗುರ ಮಾಡಿದರು. ಸಾಲ ಮಾಡಿ ಅದೇ ಗೆರೆ ದಾಟಿದರೆ ಜಾಣ ಅಂತೀವಿ. ತಾತನ ಮನೆ ಹೇಳಿ ದಾಟಿದರೆ ಕೋರ್ಟು. ವೀಸಾದಲ್ಲಿ ಇರೋರು ಇದರ ಹತ್ತಿರವೂ ಸುಳಿಯಬಾರದು.

ಜಯನಗರ 4ನೇ ಬ್ಲಾಕ್
ಇಲ್ಲಿ ಬೆಂಗಳೂರಲ್ಲಿ ಕೂತು ಓದಿದರೆ ನಗು ಬರುತ್ತೆ. ನಿಮ್ಮಲ್ಲಿ ಡಾಕ್ಟರ್ ಮಗನೂ ಸರ್ಕಾರಿ ಸ್ಕೂಲಿಗೇ ಹೋಗ್ತಾನೆ, ಯಾವ ಸರ್ಕಾರಿ ಸ್ಕೂಲು ಅನ್ನೋದು ಜಗಳ. ನಮ್ಮಲ್ಲಿ ಸ್ವಲ್ಪ ಅನುಕೂಲ ಆದ ಕೂಡಲೇ ಸರ್ಕಾರಿ ಶಾಲೆ ಬಿಟ್ಟು ಕಾನ್ವೆಂಟಿಗೆ. ಆರ್‌ಟಿಇ ಕಾಯ್ದೆಯಲ್ಲಿ ಖಾಸಗಿ ಶಾಲೆಯ ಶೇ. 25 ಸೀಟು ಬಡ ಮಕ್ಕಳಿಗೆ ಅಂತ ಇತ್ತಲ್ಲ, 2019ರಿಂದ ಕರ್ನಾಟಕದಲ್ಲಿ ಅದಕ್ಕೂ ಗೆರೆ ಬಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ. ನಮ್ಮ ಮನೆಗೆಲಸದ ಅಕ್ಕನ ದೊಡ್ಡ ಮಗ ಅದಕ್ಕೆ ಮೊದಲು ಸೇರಿದವನು, ಚಿಕ್ಕವಳಿಗೆ ಸಿಗಲಿಲ್ಲ. ಒಂದೇ ಮನೆಯಿಂದ ಇಬ್ಬರೂ ಬೇರೆ ಬೇರೆ ಯೂನಿಫಾರ್ಮಲ್ಲಿ ಹೊರಡ್ತಾರೆ.

ಎಡಿಸನ್‌ವಾಸಿ
ಮೇರಿಲ್ಯಾಂಡಲ್ಲಿ ಇಷ್ಟೊಂದು ತಕರಾರು ಇದ್ದರೆ ನಮ್ಮ ಕಡೆ ಬನ್ನಿ. ಇಲ್ಲಿ ಊರಿಗೊಂದು ಡಿಸ್ಟ್ರಿಕ್ಟ್, ಯಾರೂ ಬಂದು ಪಕ್ಕದ ಊರಿನ ಜೊತೆ ಬೆರೆಸಲ್ಲ.

ಲೆಕ್ಕದ ಶಾನುಭೋಗ
ಬೆರೆಸೋಕೇ ಆಗಲ್ಲ ಅನ್ನಿ! ಮೇರಿಲ್ಯಾಂಡಿಗೆ ಒಟ್ಟು 24 ಡಿಸ್ಟ್ರಿಕ್ಟ್, ಅದಕ್ಕೇ ಒಂದು ಬೋರ್ಡ್ ಕೂತು ಗೆರೆ ಬದಲಿಸಬಹುದು. ನಿಮ್ಮಲ್ಲಿ 600ರ ಹತ್ತಿರ. ಊರಿನ ಗೆರೆಯೇ ಸ್ಕೂಲಿನ ಗೆರೆ. ಕಪ್ಪು ಬಿಳಿ ಮಕ್ಕಳನ್ನು ಒಂದೇ ಸ್ಕೂಲಲ್ಲಿ ಬೆರೆಸುವ ಬಗ್ಗೆ ಡೆಟ್ರಾಯಿಟ್ ನಗರದ ಕೇಸಿತ್ತು, 1974ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತೀರ್ಪು ಕೊಟ್ಟಿತು. ಮಕ್ಕಳನ್ನು ಬೇರೆ ಬೇರೆ ಇಟ್ಟ ತಪ್ಪಿನಲ್ಲಿ ಪಾಲಿದೆ ಅಂತ ಸಾಬೀತಾಗದೆ ಪಕ್ಕದ ಉಪನಗರಗಳನ್ನು ಒಳಗೆ ಎಳೆಯೋ ಹಾಗಿಲ್ಲ ಅಂತ. ಅಲ್ಲಿಂದ ಡಿಸ್ಟ್ರಿಕ್ಟ್ ಗೆರೆ ಕೋಟೆ ಗೋಡೆ ಆಗಿಹೋಯಿತು.

ಬೆಣ್ಣೆದೋಸೆ
ಎಲ್ಲ ಓದಿದೆ, ಥ್ಯಾಂಕ್ಸ್. ಒಂದು ಭಯ ಶುರುವಾಗಿದೆ. ದುಡ್ಡು ಕೊಟ್ಟು 9ರ ಬದಿ ತಗೊಂಡು, ನಾಳೆ ಗೆರೆ ಬದಲಾದರೆ?

ಕೊಲಂಬಿಯಾ ಹಳಬ
ಆಗಬಹುದು. 2023ರಲ್ಲಿ ಜೆಸಪ್‌ನಲ್ಲಿ ಗಿಲ್ಫರ್ಡ್ ಪಾರ್ಕ್ ಹೈಸ್ಕೂಲ್ ಶುರುವಾದಾಗಲೂ ಗೆರೆ ಬದಲಾಯಿತು. ಕೌಂಟಿ ಪ್ರತಿ ಸ್ಕೂಲಿನ ಕೆಪಾಸಿಟಿ ಲೆಕ್ಕ ಹಾಕಿರುತ್ತೆ, ಅದನ್ನ ನೋಡಿ. ಹಿತ್ತಲಲ್ಲಿ ಟ್ರೇಲರ್ ಕ್ಲಾಸುಗಳು (ಜಾಗ ಸಾಲದೆ ತಂದಿಟ್ಟ ತಾತ್ಕಾಲಿಕ ಕೋಣೆಗಳು) ಸಾಲಾಗಿ ನಿಂತಿದ್ದರೆ ಅದರ ಗೆರೆ ಜಾಸ್ತಿ ದಿನ ಹೀಗೇ ಇರಲ್ಲ ಅಂತ ತಿಳ್ಕೊಳ್ಳಿ.

ಕಡೂರು ಟೀಚರ್
ಎರಡೂ ಸ್ಕೂಲಿಗೆ ಒಂದು ಸಲ ಹೋಗಿ ಬನ್ನಿ. ಹೋದ ವರ್ಷದ ಟೀಚರುಗಳಲ್ಲಿ ಎಷ್ಟು ಜನ ಈ ವರ್ಷವೂ ಇದ್ದಾರೆ ಅಂತ ಕೇಳಿ. ಪ್ರಿನ್ಸಿಪಾಲ್ ಬಂದು ಎಷ್ಟು ವರ್ಷ ಆಯಿತು ಕೇಳಿ. ಕಾರಿಡಾರಿನಲ್ಲಿ ಮಕ್ಕಳನ್ನ ಹೆಸರು ಹಿಡಿದು ಕರೀತಾರಾ ನೋಡಿ.

ಬೆಣ್ಣೆದೋಸೆ
ಇವತ್ತೇ ಎರಡಕ್ಕೂ ಫೋನ್ ಮಾಡಿದೆ ಮೇಡಂ. 5ರವರು ಮಂಗಳವಾರ ಬನ್ನಿ ಅಂದರು. ಪ್ರಿನ್ಸಿಪಾಲೇ ಸ್ಕೂಲು ತೋರಿಸ್ತಾರಂತೆ. 9ರವರು ಅಡ್ರೆಸ್ ಪ್ರೂಫ್ ತಂದರೆ ಮಾತ್ರ ಒಳಗೆ ಬಿಡೋದು ಅಂದರು.

ಎಡಿಸನ್‌ವಾಸಿ
ನೋಡಿದಿರಾ, ಅದಕ್ಕೇ ಅದು 9!